ಒಣಗದ ತನಖಾ

೧೩ ಜುಲೈ, ಭಾನುವಾರ

ಬರೆಯುವುದು ನನ್ನ ಕೆಲಸವಲ್ಲ. “ಅಳೋಕಾಗಲ್ಲ ಅಂದ್ರೆ ಬರಿ, ದೊಡ್ಡಮ್ಮ” ಎಂದು ತಂಗಿಯ ಮಗಳು ನ್ವೇ ಊ ಕೈಗೆ ಪೆನ್ನು ತುರುಕಿ ಹೋದಳು. ಇವಳಿಗೇನು ಗೊತ್ತು!

ಮೊನ್ನೆ ಶುಕ್ರವಾರ ತೀರಿಕೊಂಡ ತಂಗಿ ಖಿನ್ ಸೇನಳನ್ನು ಇಂದು ಸುಟ್ಟು ಬಂದೆವು. ಕೆನ್ನೆಯ ಕಪ್ಪು ಕಲೆಗಳನ್ನು ಅವಳು ಗಂಡನಿಗೂ ತೋರಿಸಿದವಳಲ್ಲ. ಬೆಳಗೆದ್ದು ತನಖಾ ಮರದ ಕೊರಡನ್ನು ಗಂಧದಂತೆ ತೇಯ್ದು ಕೆನ್ನೆಗೆ ಹಚ್ಚಿಕೊಂಡೇ ಹೊರಬರುತ್ತಿದ್ದಳು. ಅದಕ್ಕೇ ಇಂದು ನಾನೇ ತೇಯ್ದು ದಪ್ಪಗೆ ಬಳಿದೆ. ಒಣಗಿದರೆ ತಾನೇ ಅದು ಬಿಳಿಚಿ ಕಲೆ ಮುಚ್ಚುವುದು? ತಣ್ಣಗಿನ ಕೆನ್ನೆಯ ಮೇಲೆ ಒಣಗಲೇ ಇಲ್ಲ. ಬೀಸಣಿಗೆ ಬೀಸಿದೆ.

“ಬಿಡು ದೊಡ್ಡಮ್ಮ, ಜನ ಕಾಯ್ತಿದಾರೆ.”

“ಕಾಯ್ಲಿ ಬಿಡೇ, ಅವರಪ್ಪನ ಗಂಟೇನು ಹೋಗುತ್ತೆ!”

ಬೀದಿಯವರೆಲ್ಲ ಬಂದು ಅವಳ ಕಲೆಗಳನ್ನು ನೋಡಿಯೇ ಹೋದರು.

ಸೇನ್, ಏಳನೆಯ ದಿನ ಭಿಕ್ಷುಗಳಿಗೆ ಕೊಡುವ ದಾನ ಮುಗಿಯುವವರೆಗೆ ನೀನು ಈ ಮನೆಯಲ್ಲೇ ಇರುತ್ತೀ. ನನ್ನ ಮೇಲೆ ಸಿಟ್ಟೋ ಇಲ್ಲವೋ, ಗುರುವಾರದೊಳಗೆ ಕನಸಿಗೆ ಬಂದು ಹೇಳು.