ಮಹಾರಾಣಿಗೆ ಉಬ್ಬಸ

ಮಾರ್ಚ್ 3, ಮಂಗಳವಾರ

ಬೆಳಿಗ್ಗೆ ಏಳಕ್ಕೆ ವ್ಯಾನು ಸ್ಟಾರ್ಟ್ ಮಾಡಿದೆ. ಏರ್ ಫಿಲ್ಟರ್ ಡಬ್ಬಿಯ ಮೇಲೆ ನೀರಿನ ಲೋಟ. ಭಾವ ಹೇಳಿಕೊಟ್ಟ ಪರೀಕ್ಷೆ ಇದು — ನೀರು ಚೆಲ್ಲಿದರೆ ಎಂಜಿನ್ ಫೇಲು, ಬರೀ ಅಲೆ ಎದ್ದರೆ ಪಾಸು. ಅಲೆ ಎದ್ದಿತು. ಪಾಸು!

ಮಹಾರಾಣಿಗೆ ಮೂವತ್ತೆಂಟು ವರ್ಷ. ನಮ್ಮ ನಾಟಕ ಕಂಪನಿಯ ಪರದೆ, ಪೆಟ್ಟಿಗೆ, ಸಿಂಹಾಸನ ಎಲ್ಲವನ್ನೂ ಹೊತ್ತು ಮೆರೆದ ವ್ಯಾನು. ಹಳೆಯ ಪೆಟ್ರೋಲ್ ಎಂಜಿನ್ ಹೋದ ತಿಂಗಳು ನಡುಬೀದಿಯಲ್ಲಿ ಪ್ರಾಣಬಿಟ್ಟಿತು. ಈಗ ಅವಳ ಎದೆಯಲ್ಲಿ ಯಾವುದೋ ಗುಜರಿ ಲೋಡ್ ಗಾಡಿಯ ಡೀಸೆಲ್ ಎಂಜಿನ್. ಕೂರಿಸಿದವರು ಭಾವ, ಅಕ್ಕನ ಗಂಡ. ಮೂವತ್ತು ವರ್ಷ ಪಂಪ್‌ಹೌಸಿನಲ್ಲಿ ಡೀಸೆಲ್ ಮೆಕ್ಯಾನಿಕ್. ಹೋದ ವರ್ಷ ಸಣ್ಣ ಸ್ಟ್ರೋಕ್. ಬಲಗೈ ಹಿಡಿತ ಸಡಿಲ. ಆಮೇಲೆ ಅವರು ಸ್ಪ್ಯಾನರ್ ಹಿಡಿದ ಮೊದಲ ಕೆಲಸ ಇದು. ನಿನ್ನೆ ಕೊನೆಯ ಬೋಲ್ಟ್ ಬಿಗಿದು ತಮ್ಮ ಕೈಯನ್ನೇ ನೋಡುತ್ತ ನಿಂತಿದ್ದರು — ಯಾರದೋ ಕೈಯನ್ನು ಎರವಲು ತಂದವರ ಹಾಗೆ.

ಒಂದೇ ತಕರಾರು, ವಾಸನೆ. ಟ್ಯಾಂಕಿನ ಬಾಯಿ ವ್ಯಾನಿನ ಒಳಗೇ ಇದೆ, ಡ್ರೈವರ್ ಸೀಟಿನ ಹಿಂದೆ, ವೇಷಭೂಷಣದ ಪೆಟ್ಟಿಗೆಗಳ ಪಕ್ಕ. ಪೆಟ್ರೋಲ್ ವಾಸನೆ ಬಂದು ಹೋಗುವಂಥದ್ದು. ಡೀಸೆಲ್ ವಾಸನೆ ನೆಂಟನ ಹಾಗೆ, ಹಾಸಿಗೆ ಹಾಸಿಕೊಂಡು ಕೂತುಬಿಡುತ್ತದೆ. ಅಕ್ಕ ಬೆಂಕಿಯಾದಳು.

“ಲೋ, ರಾಜನ ನಿಲುವಂಗಿ ಮೂಸಿ ನೋಡು! ಇದನ್ನ ಹಾಕ್ಕೊಂಡು ಪಟ್ಟಕ್ಕೆ ಕೂತ್ಕೊಳ್ತೀಯಾ? ದೀಪ ಹತ್ರ ಬಂದ್ರೆ ಪಟ್ಟಾಭಿಷೇಕ ಅಲ್ಲ, ಅಂತ್ಯಕ್ರಿಯೆ!”

ಮಧ್ಯಾಹ್ನ ಕೂತು ಎಲ್ಲ ಸಂದು ಮುಚ್ಚಿದೆ. ಗೇರ್ ರಾಡಿನ ಸುತ್ತ ಬಟ್ಟೆ. ನೆಲದ ಹಲಗೆಗಳ ನಡುವೆ ಟೇಪು. ಟ್ಯಾಂಕ್ ಮುಚ್ಚಳಕ್ಕೆ ಹೊಸ ರಬ್ಬರ್ ವಾಷರ್. ಮುಚ್ಚಳದಲ್ಲೂ ತುಕ್ಕು ತಿಂದು ಸಾಸಿವೆಯಷ್ಟು ತೂತು, ಅದಕ್ಕೆ ಮೇಕಪ್ ಡಬ್ಬಿಯ ಮೂಗಿನ ಮೇಣ. ಖಳನಾಯಕನ ಮೂಗನ್ನೇ ಉದ್ದ ಮಾಡುವ ಮೇಣಕ್ಕೆ ಇದೊಂದು ತೂತು ಯಾವ ಲೆಕ್ಕ? ಮೇಲೆ ಕಪ್ಪು ಬಣ್ಣ ಬಳಿದೆ. ಬಾಗಿಲ ಸಂದಿಗೆ ಫೋಮ್. ವಾಸನೆ ಗಡೀಪಾರು!

ಮಾರ್ಚ್ 5, ಗುರುವಾರ

ಟ್ರಯಲ್. ನಾನು, ಭಾವ. ಹೊರಟಾಗ ಗಂಭೀರ ನಡಿಗೆ. ಹದಿನೈದು ನಿಮಿಷಕ್ಕೆ ಎಂಜಿನ್ ತಡವರಿಸತೊಡಗಿತು. ಗಡಗಡ ನಡುಕ, ಬಿಳಿ ಹೊಗೆ, ಆಕ್ಸಿಲರೇಟರ್ ಒತ್ತಿದರೂ ಎಳೆತವಿಲ್ಲ. ಇಪ್ಪತ್ತನೇ ನಿಮಿಷ — ಮೌನ. ಸಂತೆಗೆ ಹೋಗುವ ದಾರಿಯ ನಟ್ಟನಡುವೆ.

ಇಳಿದೆ. ಬೈದೆ. ಡೀಸೆಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು ಹೊಸ ಎಂಜಿನ್ ಬಂದಾಗಿನಿಂದ ಸತ್ತಿದೆ; ಮುಚ್ಚಳ ತೆಗೆದು ನಾಟಕದ ಮರದ ಕಠಾರಿ ಅದ್ದಿ ನೋಡಿದೆ. ಡೀಸೆಲ್ ಹಿಡಿಯವರೆಗೂ ಇತ್ತು. ಮುಚ್ಚಿದೆ. ಸಿಟ್ಟಿಗೆ ರಸ್ತೆಯ ಮೇಲೇ ಸೇನಾಪತಿಯ ಮಾತು ಶುರುಮಾಡಿದೆ — “ಏಳು! ಸತ್ತವರೂ ಎದ್ದು ನಿಲ್ಲುವ ಆಜ್ಞೆ ಇದು!” ಇಪ್ಪತ್ತಾರು ವರ್ಷ ಆಡಿದ ಪಾತ್ರ, ಗಂಟಲು ತಾನೇ ತೆರೆದುಕೊಳ್ಳುತ್ತದೆ. ಕೀ ತಿರುಗಿಸಿದೆ. ಎದ್ದು ನಿಂತಿತು!

ಭಾವ ನಕ್ಕರು. “ಸೇನಾಪತಿ, ಪಂಪ್‌ಹೌಸಲ್ಲಿ ನೀನಿದ್ದಿದ್ರೆ ನನಗೆ ಕೆಲಸಾನೇ ಇರ್ತಿರ್ಲಿಲ್ಲ ಕಣಯ್ಯ.”

ವಾಪಸು ಬರುವಾಗ ಇನ್ನೆರಡು ಸಲ ನಿಂತಿತು. ಎರಡೂ ಸಲ ಅದೇ ಕಠಾರಿ, ಅದೇ ಭಾಷಣ, ಅದೇ ಪವಾಡ. ಯಾಕೆ? ತಲೆ ತಿನ್ನುತ್ತಿದೆ.

ಮಾರ್ಚ್ 7, ಶನಿವಾರ

ಇವತ್ತು ಕಂಡದ್ದು ಮರೆಯಲಾರೆ. ಟ್ಯಾಂಕಿನಿಂದ ಪಂಪಿಗೆ ಹೋಗುವ ಕಪ್ಪು ಪೈಪು ತೆಗೆದು ಭಾವ ಒಳಗೆ ಕಾಣುವ ಪ್ಲಾಸ್ಟಿಕ್ ಪೈಪು ಹಾಕಿದರು. ಇಬ್ಬರೂ ಬಾನೆಟ್ಟಿನೊಳಗೆ ತಲೆ ತೂರಿಸಿ ಕಾದೆವು. ಮೊದಲು ಡೀಸೆಲ್ ಜೇನಿನ ಹಾಗೆ ನಿಚ್ಚಳ. ಹನ್ನೆರಡನೇ ನಿಮಿಷಕ್ಕೆ ಒಂದು ಗುಳ್ಳೆ. ಇನ್ನೊಂದು. ಆಮೇಲೆ ಸಾಲುಸಾಲು, ಮೆರವಣಿಗೆ. ಎಂಜಿನ್ ನಡುಗಿತು, ಲೋಟ ಉರುಳಿತು, ನನ್ನ ಚಪ್ಪಲಿಯೊಳಗೆ ನೀರು.

“ನೋಡು, ಎಲ್ಲೋ ಗಾಳಿ ಎಳ್ಕೊಳ್ತಿದೆ. ಡೀಸೆಲ್ ಎಂಜಿನ್ನಿಗೆ ಪೈಪಲ್ಲಿ ಗಾಳಿ ಅಂದ್ರೆ ವಿಷ. ಯಾವುದೋ ಜಾಯಿಂಟು ಸಡಿಲ.”

ಜಾಯಿಂಟು ಐದು. ಐದಕ್ಕೂ ಕ್ಲಿಪ್ಪು. ಐದನ್ನೂ ಬಿಗಿದವರು ಭಾವ.

ಮಾರ್ಚ್ 9, ಸೋಮವಾರ

ಕ್ಲಿಪ್ಪುಗಳನ್ನು ನಾಲ್ಕನೇ ಸಲ ಬಿಗಿದಾಯಿತು. ಕ್ಲಿಪ್ಪೇ ಬದಲಾಯಿತು. ಗುಳ್ಳೆ ಬದಲಾಗಲಿಲ್ಲ. ಭಾವ ವ್ಯಾನಿನ ಕೆಳಗೆ ಮಲಗಿ ಎಡಗೈಯಿಂದ ಬಲಗೈ ಹಿಡಿದುಕೊಂಡು ಸ್ಕ್ರೂ ತಿರುಗಿಸುತ್ತಿದ್ದರು. ಕಂಡೆ. ಕಂಡೂ ಆಡಿದೆ.

“ಕೈಲಾಗದೋರ ಕೈಗೆ ಕೊಟ್ಟು ಕೆಟ್ಟೆ!”

ಹಿಂದಿನ ಸಾಲಿನವರಿಗೂ ಕೇಳಬೇಕೆಂದು ಬೆಳೆಸಿದ ಗಂಟಲು. ಎದುರು ಗ್ಯಾರೇಜಿನವನಿಗೆ ಕೇಳಿತು. ಅಡುಗೆಮನೆಯಲ್ಲಿದ್ದ ಅಕ್ಕನಿಗೆ ಕೇಳಿತು. ಭಾವ ಕೆಳಗಿನಿಂದ ಹೊರಬಂದರು, ಕೈ ಒರೆಸಿಕೊಂಡರು. “ನಿಜ ಕಣಯ್ಯ” ಅಂದರು. ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮಾರ್ಚ್ 16, ಸೋಮವಾರ

ಒಂದು ವಾರ ಬರೆಯಲಿಲ್ಲ. ಏನು ಬರೆಯುವುದು?

ಭಾವ ವ್ಯಾನಿನ ಹತ್ತಿರ ಸುಳಿಯುವುದಿಲ್ಲ. ನಿನ್ನೆ ತಮ್ಮ ಟೂಲ್ ಬಾಕ್ಸ್ ಬಿಚ್ಚಿ ಒಂದೊಂದೇ ಸ್ಪ್ಯಾನರಿಗೆ ಎಣ್ಣೆ ಹಚ್ಚಿದರಂತೆ. ಬರುವ ಭಾನುವಾರ ಎದುರು ಗ್ಯಾರೇಜಿನವನಿಗೆ ಕೊಟ್ಟುಬಿಡುತ್ತಾರಂತೆ. ಮೂವತ್ತು ವರ್ಷ ಕೈಯಲ್ಲಿ ಹಿಡಿದ ಪೆಟ್ಟಿಗೆ. ಅಕ್ಕ ಹೇಳುವಾಗ ನನ್ನ ಮುಖ ನೋಡಲಿಲ್ಲ.

“ಮಲಗೋವಾಗಲೂ ಕೈ ಮಡಚಿ ಬಿಚ್ಚಿ ಮಾಡ್ತಿದ್ರು ಕಣೋ, ಒಂದು ವರ್ಷದಿಂದ. ಈಗ ನಿಲ್ಲಿಸಿದಾರೆ.”

ಇಪ್ಪತ್ತೆಂಟಕ್ಕೆ ಗುಡ್ಡದ ಮೇಲಿನ ಊರಲ್ಲಿ ಆಟ. ಆಟ ಹಾಳಾಗಿ ಹೋಗಲಿ. ಭಾನುವಾರದೊಳಗೆ ಆ ಗುಳ್ಳೆ ಎಲ್ಲಿ ಹುಟ್ಟುತ್ತದೆಂದು ತಿಳಿಯಬೇಕು.

ಮಾರ್ಚ್ 18, ಬುಧವಾರ

ಐದೂ ಜಾಯಿಂಟು ನಾನೇ ಬಿಗಿದೆ. ಮೈಯೆಲ್ಲ ಬೆವರು, ಎರಡು ಬೆರಳಿಗೆ ಗಾಯ. ಹದಿಮೂರನೇ ನಿಮಿಷಕ್ಕೆ ಗುಳ್ಳೆ.

ಅಂದರೆ? ನನ್ನ ಕೈಗೆ ಸ್ಟ್ರೋಕ್ ಆಗಿಲ್ಲವಲ್ಲ!

ಮಾರ್ಚ್ 20, ಶುಕ್ರವಾರ. ಮಧ್ಯಾಹ್ನ 3

ಎಲ್ಲವನ್ನೂ ಬರೆಯುತ್ತೇನೆ.

ಬೆಳಿಗ್ಗೆ ಅಕ್ಕ ತಾನೂ ಬರುತ್ತೇನೆಂದು ವ್ಯಾನು ಹತ್ತಿದಳು, ಪ್ರಾಂಪ್ಟಿಂಗ್ ಪುಸ್ತಕ ಹಿಡಿದು. ನಲವತ್ತು ವರ್ಷ ಪಕ್ಕದ ಪರದೆಯ ಹಿಂದೆ ಕೂತು ಕಂಪನಿಗೆಲ್ಲ ಮಾತು ಎತ್ತಿಕೊಟ್ಟವಳು. ವ್ಯಾನು ನಿಂತಿತು. ನಾನು ಮಾಡಿದ್ದನ್ನೆಲ್ಲ ಸಾಲಾಗಿ ಬರೆದುಕೊಂಡಳು — ಇಳಿದ, ಬೈದ, ಕಠಾರಿ ಅದ್ದಿದ, ಭಾಷಣ ಹೊಡೆದ, ಕೀ ತಿರುಗಿಸಿದ.

“ನಾಟಕ ಉದ್ದ ಆದಾಗ ನಿಮ್ಮಪ್ಪ ಏನ್ ಮಾಡ್ತಿದ್ರು? ಒಂದೊಂದೇ ಮಾತು ಬಿಟ್ಟು ಆಡಿಸ್ತಿದ್ರು. ಯಾವ ಮಾತು ಬಿಟ್ರೆ ಸೀನ್ ಬೀಳುತ್ತೋ ಅದೇ ಬೇಕಾದ ಮಾತು. ಮುಂದಿನ ಸಲ ಭಾಷಣ ಬಿಡು.”

“ನಿಮ್ಮಪ್ಪ ಅಂತೀಯಲ್ಲ, ನಿನಗೂ ಅಪ್ಪನೇ ಅಲ್ವಾ?”

“ಭಾಷಣ ಬಿಡು ಅಂದೆ.”

ಎರಡನೇ ಸಲ ನಿಂತಾಗ ಭಾಷಣ ಬಿಟ್ಟೆ. ಬೈಗುಳವನ್ನೂ ಬಿಟ್ಟೆ. ಸ್ಟಾರ್ಟ್! ಇಷ್ಟು ದಿನದ ಆಜ್ಞೆ ನೀರಲ್ಲಿ ಹೋಮ. ಮೂರನೇ ಸಲ ಕಠಾರಿ ಬಿಟ್ಟೆ. ಕೀ ತಿರುಗಿಸಿದೆ. ಇಲ್ಲ. ಹತ್ತು ನಿಮಿಷ ಕಾದು ತಿರುಗಿಸಿದೆ. ಇಲ್ಲ. ಭಾಷಣ ಹೊಡೆದೆ, ಪೂರ್ತಿ, ಕೈಕಾಲು ಸಮೇತ. ಇಲ್ಲ!

ಅಕ್ಕ ಪುಸ್ತಕ ಮುಚ್ಚಿದಳು. “ಕಠಾರಿ.”

ಮರದ ಕಠಾರಿ ಡೀಸೆಲ್ ಎಂಜಿನ್ನಿಗೆ ಏನು ಮಾಡೀತು? ಮುಚ್ಚಳಕ್ಕೆ ಕೈ ಹಾಕಿದೆ. ತಿರುಗಿಸಿದೆ. ಎಂಜಿನ್ ಸದ್ದಿಲ್ಲ, ನನ್ನ ಸದ್ದೂ ಇಲ್ಲ. ಇದೇ ಮೊದಲ ಸಲ ಕಿವಿಗೆ ಬಿತ್ತು — ಸ್ಸ್ಸ್ಸ್... ಉದ್ದನೆಯ ಉಸಿರು. ನೀರಲ್ಲಿ ಮುಳುಗಿದವಳು ತಲೆ ಎತ್ತಿ ಎಳೆದುಕೊಂಡ ಹಾಗೆ. ಕಠಾರಿ ಅದ್ದಲೇ ಇಲ್ಲ. ಕೀ. ಸ್ಟಾರ್ಟ್.

ಪಂಪು ಡೀಸೆಲ್ ಎಳೆಯುತ್ತದೆ. ಖಾಲಿಯಾದ ಜಾಗಕ್ಕೆ ಗಾಳಿ ಬರಬೇಕು. ಬರುವ ದಾರಿ ಮುಚ್ಚಿದ್ದರೆ? ಟ್ಯಾಂಕು ಉಪವಾಸ ಬಿದ್ದು ವಾಪಸು ಎಳೆಯುತ್ತದೆ. ಎಷ್ಟೇ ಬಿಗಿದರೂ ಜಾಯಿಂಟಿನ ಸಂದಿಯಿಂದ ಗಾಳಿ ನುಗ್ಗುತ್ತದೆ. ಯಾರು ಬಿಗಿದರೂ. ಆ ದಾರಿ ಎಲ್ಲಿತ್ತು?

ಅಕ್ಕ ಮುಚ್ಚಳ ತಿರುಗಿಸಿ ಉಗುರಿನಿಂದ ಕೆರೆದಳು. ಕಪ್ಪು ಬಣ್ಣ ಎದ್ದಿತು. ಕೆಳಗೆ ಮೈಬಣ್ಣದ ಮೇಣ.

“ಲೋ... ಇದು ಯಾರ ಮೂಗು?”

ಅವಳು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು ಅಂದಳು. ಆಮೇಲೆ ನಗು ನಿಂತಿತು. “ಅವರಿಗೆ ನೀನೇ ಹೇಳಬೇಕು. ನಾನು ಪ್ರಾಂಪ್ಟ್ ಮಾಡಲ್ಲ.”

ಮನೆಗೆ ಬಂದು ಈ ಪುಸ್ತಕ ತಿರುವಿದೆ. ಮಾರ್ಚ್ 3. ನನ್ನದೇ ಅಕ್ಷರ. “ಇದೊಂದು ತೂತು ಯಾವ ಲೆಕ್ಕ?”

ಮಾರ್ಚ್ 21, ಶನಿವಾರ

ಮೇಣ ತೆಗೆಯದೆ, ಮುಚ್ಚಳವನ್ನು ಅರ್ಧ ತಿರುವು ಸಡಿಲ ಬಿಟ್ಟು ಓಡಿಸಿದೆ. ಒಂದು ಗಂಟೆ. ಒಂದೂ ಗುಳ್ಳೆ ಇಲ್ಲ. ಅನುಮಾನವೇ ಉಳಿದಿಲ್ಲ.

ಭಾವನ ಬಾಗಿಲವರೆಗೆ ಎರಡು ಸಲ ಹೋಗಿ ಬಂದೆ. ಮೂರು ಥರದ ಭಾಷಣ ಮನಸ್ಸಿನಲ್ಲಿ. ಒಂದರಲ್ಲಿ ಮೊಣಕಾಲೂರುತ್ತೇನೆ. ಮೂರೂ ಸುಳ್ಳು ಅನ್ನಿಸುತ್ತದೆ.

ಮಾರ್ಚ್ 22, ಭಾನುವಾರ. ಬೆಳಿಗ್ಗೆ 10

ಒಂಬತ್ತಕ್ಕೆ ಭಾವ ಟೂಲ್ ಬಾಕ್ಸ್ ಹಿಡಿದು ಮೆಟ್ಟಿಲಿಳಿದರು. ಎರಡೂ ಕೈಯಲ್ಲಿ. ಎದುರು ಗ್ಯಾರೇಜಿನವ ಶಟರ್ ಎತ್ತಿ ಕಾಯುತ್ತಿದ್ದ. ರಸ್ತೆ ಮಧ್ಯೆ ಅಡ್ಡ ನಿಂತೆ. ಬಾಯಿ ತೆರೆದೆ. ಗಂಟಲು ಕೈಕೊಟ್ಟಿತು, ಹುಟ್ಟಿದ ಮೇಲೆ ಮೊದಲ ಸಲ. ಪಿಸುಮಾತಷ್ಟೇ ಬಂತು.

“ಭಾವ, ತಪ್ಪು ನಂದು. ಮುಚ್ಚಳದ ತೂತಿಗೆ ಮೇಣ ಮೆತ್ತಿದ್ದೆ. ವಾಸನೆಗೆ.”

ಮುಚ್ಚಳ ಕೊಟ್ಟೆ. ಪೆಟ್ಟಿಗೆಯನ್ನು ರಸ್ತೆಯ ಮೇಲೇ ಇಳಿಸಿ ತಿರುಗಿಸಿ ನೋಡಿದರು. ಮೇಣದ ಒಂದು ಚೂರು ಕಿತ್ತು ಮೂಸಿದರು.

“ಆ ಐದು ಕ್ಲಿಪ್ಪು?”

“ಒಂದೂ ಲೀಕಿಲ್ಲ. ನಾನೂ ಬಿಗಿದು ನೋಡಿದೆ. ನಿಮಗಿಂತ ಒಂದು ಸುತ್ತೂ ಜಾಸ್ತಿ ಹೋಗಲಿಲ್ಲ.”

ಬಲಗೈ ಎತ್ತಿ ನೋಡಿಕೊಂಡರು. ಮಡಚಿದರು. ಬಿಚ್ಚಿದರು. ಎದುರಿನವ ಕೂಗಿದ — “ಅಣ್ಣ, ಪೆಟ್ಟಿಗೆ ನಾನೇ ತಗೊಂಡು ಹೋಗ್ಲಾ?”

“ನಿಂತ್ಕೊಳ್ಳಯ್ಯ. ಕೆಲಸ ಬಾಕಿ ಇದೆ.”

ಪೆಟ್ಟಿಗೆಯಿಂದ ತೆಳು ತಂತಿ ತೆಗೆದರು. ತೂತಿಗೆ ಹಿಡಿದರು. ಜಾರಿತು. ಸಹಾಯಕ್ಕೆ ಕೈ ಚಾಚಿದೆ, ಮೊಣಕೈಯಿಂದ ತಳ್ಳಿದರು. ಮತ್ತೆ ಜಾರಿತು. ನಾಲ್ಕನೇ ಸಲ ಒಳಗೆ ಹೋಯಿತು. ಮುಚ್ಚಳವನ್ನು ತುಟಿಗಿಟ್ಟು ಊದಿದರು — ಸುಯ್ ಎಂದಿತು. ಮೇಣದ ಉಂಡೆಯನ್ನು ನನ್ನ ಮೂಗಿನ ತುದಿಗೆ ಅಂಟಿಸಿ ವ್ಯಾನಿನ ಕಡೆ ನಡೆದರು.

ಎದುರಿನವ ಶಟರ್ ಅರ್ಧ ಇಳಿಸಿದ.

11.40

ಗುಡ್ಡದ ರಸ್ತೆ, ಮತ್ತೊಂದು ಟ್ರಯಲ್. ಸ್ಟೀರಿಂಗ್ ಭಾವನ ಕೈಯಲ್ಲಿ. ಡಾಕ್ಟರ್ ಒಪ್ಪಿ ನಾಲ್ಕು ತಿಂಗಳಾಗಿತ್ತಂತೆ, ಅವರೇ ಒಪ್ಪಿರಲಿಲ್ಲ. ನಡುವೆ ನಾನು, ಮಂಡಿಯ ಮೇಲೆ ಈ ಪುಸ್ತಕ, ಡ್ಯಾಶ್‌ಬೋರ್ಡಿನ ಮೇಲೆ ಅದೇ ನೀರಿನ ಲೋಟ. ಕಿಟಕಿಯ ಪಕ್ಕ ಅಕ್ಕ, ಸೆರಗಿನಿಂದ ಮೂಗು ಮುಚ್ಚಿಕೊಂಡು — ವಾಸನೆ ವಾಪಸು ಬಂದಿದೆ, ಬರಲಿ. ನಲವತ್ತೆರಡು ನಿಮಿಷ. ಏರು ಶುರುವಾಯಿತು. ಗೇರ್ ಬದಲಾಯಿಸಿದರು, ಬಲಗೈಯನ್ನು ಸ್ಟೀರಿಂಗಿನ ಮೇಲೆ ಒಂಟಿಯಾಗಿ ಬಿಟ್ಟು. ನಾನು ನೋಡಿದೆ. ಅಕ್ಕ ನೋಡಿದಳು. ಮುಂದೆ ದೊಡ್ಡ ತಿರುವು, ಭಾವ ಹಾರ್ನ್ ಮಾಡಿ “ಸೇನಾಪತಿ, ಬರೆದದ್ದು ಸಾಕು, ಲೋಟ ಹಿಡ್ಕೋ” ಅನ್ನುತ್ತಿ —