ಊಟ ಆತೇನ್ರಿ ಅಂದಮೇಲೆ

ಅಂಬಡ್, ನಾಸಿಕ್
ಸೋಮವಾರ

ಪ್ರೀತಿಯ ಮಮ್ಮಿ,

ಬ್ಯಾಂಕ್ ಪರೀಕ್ಷೆಯ ಹಾಲ್ ಟಿಕೆಟ್ ಬಂತು, ನಮ್ಮೂರು ಸಂಭಾಜಿನಗರದ ಸೆಂಟರೇ ಸಿಕ್ಕಿದೆ, ಭಾನುವಾರ ಹನ್ನೊಂದಕ್ಕೆ. ಖುಷಿಗೆ ಅಡುಗೆಮನೆಯಲ್ಲೇ ಕುಣಿದುಬಿಟ್ಟೆ.

ಇಲ್ಲಿ ಎಲ್ಲರೂ ತುಂಬ ತುಂಬ ಒಳ್ಳೆಯವರು. ನಿನ್ನ ಅಳಿಯನ ಫ್ಯಾಕ್ಟರಿಯ ಆನ್‌ಲೈನ್ ಕ್ವಿಜ್ ನಾನು ಬರೆದುಕೊಟ್ಟ ದಿನ ಪಂಚವಟಿ ಪೇಟೆಯಿಂದ ನನಗೆ ಚಿವಡಾ ಬರುತ್ತದೆ. ಮೈದುನ ಓಂಕಾರನಂತೂ ಎಂದೂ ನೇರವಾಗಿ ಉತ್ತರ ಕೇಳುವುದಿಲ್ಲ. ಪಕ್ಕದ ಕೋಣೆಯಿಂದಲೇ ‘ವೈನಿ, ಊಟ ಆತೇನ್ರಿ?’ ಎಂದು ಮೆಸೇಜ್ ಕಳಿಸುತ್ತಾನೆ, ಹಿಂದೆಯೇ ಹತ್ತು ಪ್ರಶ್ನೆಗಳ ಫೋಟೊ ಬರುತ್ತದೆ. ಈಗ ಅವನ ಗೆಳೆಯರೂ ನನ್ನ ಊಟ ವಿಚಾರಿಸುತ್ತಾರೆ.

ಭಾನುವಾರ ಹನ್ನೊಂದಕ್ಕೇ ಅವನ ಕಾಲೇಜಿನ ಕ್ವಿಜ್ ಕೂಡ ಇದೆ. ನನ್ನ ಪರೀಕ್ಷೆಯ ಮಾತೆತ್ತಿದ್ದಕ್ಕೆ ಅತ್ತೆ ನಕ್ಕರು. ‘ಮನ್ಯಾಗ ಎಲ್ಲಾರ ಪರೀಕ್ಷಾ ನೀನೇ ಬರೀತಿ, ಇನ್ನ ನಿಂದೊಂದು ಬ್ಯಾರೆ ಯಾಕವಾ?’ ಎಂದರು. ನಾನೂ ನಕ್ಕೆ.

ನನ್ನ ಫೋನ್ ಎಲ್ಲರ ಕೈಯಲ್ಲೂ ಇರುತ್ತದೆ, ಅದಕ್ಕೇ ಈ ಕಾಗದ. ಹಾಲ್ ಟಿಕೆಟ್ ಇದರ ಜೊತೆಗಿಟ್ಟಿದ್ದೇನೆ, ನಿನ್ನ ಕಪಾಟಿನಲ್ಲಿರಲಿ.

ಕಾಗದ ಸಿಕ್ಕ ದಿನವೇ ಅತ್ತೆಯವರಿಗೆ ಫೋನ್ ಮಾಡು. ಮೊದಲು ಊಟ ಆಯಿತೇ ಎಂದು ಕೇಳು. ಆಮೇಲೆ ಅವರ ಮೊಣಕಾಲು ನೋವು ವಿಚಾರಿಸು. ಕೊನೆಗೆ, ಹೇಗೋ ನೆನಪಾದಂತೆ, ಎರಡು ದಿನಕ್ಕೆ ಹುಡುಗಿಯನ್ನು ಕಳಿಸಿ ಎನ್ನು. ಪರೀಕ್ಷೆಯ ಹೆಸರೆತ್ತಬೇಡ. ಹಾಗೆ ಕೇಳಿದವರಿಗೆ ಇಲ್ಲ ಎನ್ನುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು.

ನಿನ್ನ ಶ್ರಾವಣಿ ಶನಿವಾರ ಮಧ್ಯಾಹ್ನ ತಪೋವನ ಎಕ್ಸ್‌ಪ್ರೆಸ್‌ನಲ್ಲಿ ಬರುತ್ತಾಳೆ.