ಅಂಚು ಗಾಳಿಗೆ

ಭಾನುವಾರ, ಮಾರ್ಚ್ ೧೪

ಅಮ್ಮಾ,

ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕಿ ಊಟ ಆಯ್ತಾ ಅನ್ನುತ್ತೀಯ, ನನ್ನ ಮಾತು ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ಕಾಗದ. ಊಟ ಆಗಿದೆ. ಈಗ ಕೇಳು.

ಈ ವಾರ ನಮ್ಮ ಕುಳ್ಳಿ ಬೀಳುವುದರಲ್ಲಿದ್ದಳು. ಕುಳ್ಳಿ ಅಂದರೆ ಹೋದ ವಾರ ಹಾರಿಸಿದ ನಮ್ಮ ಪುಟ್ಟ ಉಪಗ್ರಹ. ಒಂದು ಪೆಟ್ಟಿಗೆ, ಅದರ ಎರಡು ಕಡೆ ಅಗಲವಾದ ಸೌರಫಲಕ, ಅಷ್ಟೇ. ನಾವು ಹನ್ನೊಂದು ಜನ ನಾಲ್ಕು ವರ್ಷ ಹಗಲೂ ರಾತ್ರಿ ಅದರ ಹಿಂದೆ ಬಿದ್ದಿದ್ದೆವು. ಇನ್ನೂ ಕೆಳಗಿನ ಕಕ್ಷೆಯಲ್ಲಿತ್ತು, ಮೇಲಕ್ಕೇರಿಸುವ ಮೊದಲಿನ ಪರೀಕ್ಷೆಗಳು ನಡೆದಿದ್ದವು. ಅದರ ದಾರಿಯ ಲೆಕ್ಕ ಹಾಕುವವಳು ನಾನು. ನೀನು ಒಳಗೆ ಬಂದು ನೋಡಿಲ್ಲವಲ್ಲ, ಕಳೆದ ವರ್ಷ ಪಾಸ್ ಸಿಗದೆ ಗೇಟಿನಿಂದಲೇ ವಾಪಸಾದೆ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಅಷ್ಟು ಎತ್ತರದಲ್ಲಿ ಗಾಳಿಯೇ ಇಲ್ಲ ಅನ್ನುವುದು ನಿನ್ನ ವಾದ. ಇದೆ ಅಮ್ಮಾ, ಇದ್ದೂ ಇಲ್ಲದಷ್ಟು ತೆಳ್ಳಗೆ. ಸೂರ್ಯ ಒಮ್ಮೊಮ್ಮೆ ಸಿಡಿದು ವಿದ್ಯುತ್ ತುಂಬಿದ ಕಣಗಳ ಮೋಡವನ್ನು ನಮ್ಮ ಕಡೆ ಎಸೆಯುತ್ತಾನೆ. ಅದು ಬಂದು ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸಿದರೆ ಅದೇ ಭೂಕಾಂತೀಯ ಬಿರುಗಾಳಿ. ಇಲ್ಲಿ ಕೆಳಗೆ ಒಂದು ಎಲೆಯೂ ಅಲ್ಲಾಡುವುದಿಲ್ಲ. ಮೇಲಿನ ಗಾಳಿ ಮಾತ್ರ ಕಾದು, ಒಲೆಯ ಮೇಲಿನ ಹಾಲಿನಂತೆ ಉಬ್ಬಿ ಏರುತ್ತದೆ. ನಿನ್ನೆ ತೆಳ್ಳಗಿದ್ದ ಜಾಗದಲ್ಲಿ ಇವತ್ತು ಗಾಳಿ ದಟ್ಟವಾಗಿ ಉಪಗ್ರಹವನ್ನು ತಡೆಯುತ್ತದೆ, ಅದು ಇಳಿಯುತ್ತಾ ಬರುತ್ತದೆ. ತೀರ ಇಳಿದರೆ ಉರಿದು ಬೂದಿಯಾಗುತ್ತದೆ.

ಬಿರುಗಾಳಿಯ ಮುನ್ಸೂಚನೆ ಬುಧವಾರವೇ ಬಂದಿತ್ತು. ಗಾಳಿಯ ದಟ್ಟಣೆಯ ಅಂಕಿಯನ್ನು ನಾನು ಬದಲಿಸಬೇಕಿತ್ತು. ಗುರುವಾರ ಬೆಳಿಗ್ಗೆ ಅವಸರದಲ್ಲಿ ಹಿಂದಿನ ಶಾಂತ ದಿನದ ಅಂಕಿಯನ್ನೇ ಇಟ್ಟು ಲೆಕ್ಕ ಕಳಿಸಿಬಿಟ್ಟೆ. ಮಧ್ಯಾಹ್ನ ನಮ್ಮ ಡಿಶ್ ಆಂಟೆನಾ ಕಿವಿಗೊಟ್ಟು ಕಾದರೆ ಕುಳ್ಳಿಯ ಸದ್ದೇ ಇಲ್ಲ. ನಮ್ಮ ಮುಖ್ಯಸ್ಥರು (ಮೇಷ್ಟ್ರು ಅಂತ ಕರೆಯುತ್ತೇವೆ) ಡಿಶ್ ನೋಡಿಕೊಳ್ಳುವ ಅಣ್ಣನ ಮೇಲೆ ಹರಿಹಾಯ್ದರು, ಗ್ರೀಸ್ ಹಾಕದೆ ಡಿಶ್ ಸಿಕ್ಕಿಹಾಕಿಕೊಂಡಿದೆ ಅಂತ. ಪಾಪ, ಅವರು ತಲೆ ತಗ್ಗಿಸಿ ನಿಂತರು. ಅಷ್ಟರಲ್ಲಿ ನನಗೆ ಹೊಳೆದಿತ್ತು. ಕೆಳಗಿಳಿದ ಉಪಗ್ರಹ ತಡವಾಗಿ ಬರುವುದಿಲ್ಲ, ಸಣ್ಣ ಸುತ್ತು ಹಾಕಿ ಬೇಗ ಬರುತ್ತದೆ. ಕುಳ್ಳಿ ಅರ್ಧ ನಿಮಿಷ ಮೊದಲೇ ಬಂದು ಹೋಗಿದ್ದಳು, ಡಿಶ್ ನನ್ನ ಲೆಕ್ಕ ನಂಬಿ ಅವಳು ದಾಟಿಹೋದ ಜಾಗವನ್ನೇ ನೋಡುತ್ತಿತ್ತು.

ಸುಮ್ಮನಿದ್ದುಬಿಡೋಣ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆಗ ನೀನು ನೆನಪಾದೆ. ಔಷಧಿ ಅಂಗಡಿಗೆ ನೀನು ಬರೆಯುತ್ತಿದ್ದ ಬೋರ್ಡಿನಲ್ಲಿ ಫೋನ್ ನಂಬರಿನ ಒಂದು ಅಂಕಿ ತಪ್ಪಿದಾಗ, ಅಂಗಡಿಯವರು ಕಾಣುವ ಮೊದಲೇ ಕೂಗಿ ಕರೆದು ತೋರಿಸಿ, ಬಟ್ಟೆ ತಗೊಂಡು ಒರೆಸಿದ್ದೆ. "ಹಸಿ ಇದ್ದಾಗ್ಲೇ ಒರೆಸ್ಬೇಕು ಕಣೇ, ಒಣಗಿದ್ರೆ ಕೆರೀಬೇಕಾಗುತ್ತೆ" ಅಂದಿದ್ದೆ. ತಪ್ಪು ನಂದು ಸಾರ್, ಹಳೇ ಅಂಕಿ ಹಾಕಿದೀನಿ ಅಂದುಬಿಟ್ಟೆ. ಮೇಷ್ಟ್ರು ಬೈಯಲಿಲ್ಲ, ಗಡಿಯಾರ ನೋಡಿದರು. ಮುಂದಿನ ಸುತ್ತಿಗೆ ಒಂದೂವರೆ ಗಂಟೆ ಇತ್ತು. ಎಂಜಿನ್ ಪರೀಕ್ಷೆ ಮುಗಿಯಲು ಇನ್ನೂ ಎರಡು ದಿನ ಬೇಕಿತ್ತು, ಅಲ್ಲಿಯವರೆಗೆ ಅದನ್ನು ಹೊತ್ತಿಸಿ ಮೇಲಕ್ಕೇರಿಸುವಂತಿರಲಿಲ್ಲ. ಕುಳ್ಳಿ ಸಿಕ್ಕಿದರೂ ಅದಕ್ಕೆ ಏನು ಹೇಳೋದು ಅಂತ ಕೇಳಿದರು.

ನನಗಾಗ ಒಂಬತ್ತು ವರ್ಷ, ನೆನಪಿದೆಯಾ? ದರ್ಜಿ ಅಂಗಡಿಯ ತಗಡಿನ ಬೋರ್ಡನ್ನು ಇಬ್ಬರೂ ಹಿಡಿದು ಹೋಗುವಾಗ ಗಾಳಿ ನನ್ನನ್ನು ನಡುರಸ್ತೆಗೆ ತಳ್ಳಿತ್ತು. "ಅಡ್ಡ ಹಿಡೀಬೇಡ್ವೇ! ಅಂಚು ಗಾಳಿಗೆ ಕೊಡು!" ಅಂತ ನೀನು ಕಿರುಚಿದ್ದು ಇಡೀ ಬೀದಿಗೆ ಕೇಳಿಸಿತ್ತು. ಮೇಷ್ಟ್ರಿಗೆ ಅದನ್ನೇ ಹೇಳಿದೆ, ಕಿರುಚದೆ. ಫಲಕಗಳ ಅಂಚು ಮುಂದಾಗುವಂತೆ ಕುಳ್ಳಿಯನ್ನು ತಿರುಗಿಸೋಣ, ಬಿಸಿಲು ಸರಿಯಾಗಿ ಬೀಳುವುದಿಲ್ಲ, ಬ್ಯಾಟರಿ ಎರಡು ದಿನ ಬಂದರೆ ಪುಣ್ಯ, ಆದರೆ ಗಾಳಿಯ ಹೊಡೆತ ತಪ್ಪುತ್ತದೆ ಅಂತ.

ಅಂಕಿ ಬದಲಿಸಿ ಹೊಸ ಲೆಕ್ಕ ಕೊಟ್ಟೆ. ಡಿಶ್ ಅಣ್ಣ ಆ ಹೊತ್ತಿಗೆ ಡಿಶ್ ತಿರುಗಿಸಿಟ್ಟರು. ಕುಳ್ಳಿ ಸಿಕ್ಕಳು, ಹೇಳಿದ ಮಾತು ಕೇಳಿದಳು, ಪಕ್ಕಕ್ಕೆ ತಿರುಗಿದಳು. ಶನಿವಾರ ಬಿರುಗಾಳಿ ಅಡಗಿ ಮೇಲಿನ ಗಾಳಿ ತಣಿದು ಕುಗ್ಗಿದಾಗ ಬ್ಯಾಟರಿಯಲ್ಲಿ ಉಳಿದಿದ್ದು ಹದಿನಾಲ್ಕು ಪರ್ಸೆಂಟ್. ಎಂಜಿನ್ ಹೊತ್ತಿಕೊಂಡಿತು. ಇವತ್ತು ಕುಳ್ಳಿ ಮೇಲೆ ಕ್ಷೇಮವಾಗಿದ್ದಾಳೆ. ನಾನು ಅತ್ತೆ. ಮೇಷ್ಟ್ರು ಅಳಲಿಲ್ಲವಂತೆ, ಕನ್ನಡಕ ಮಾತ್ರ ಎರಡು ಸಲ ಒರೆಸಿದರು.

ಎಲ್ಲರೂ ನನ್ನ ಬೆನ್ನು ತಟ್ಟಿದರು. ತಟ್ಟಬೇಕಾದ್ದು ನಿನ್ನ ಬೆನ್ನು. ಓದಿಸಿದ್ದಕ್ಕೆ ನಿನಗೆ ಎಷ್ಟೋ ಸಲ ಥ್ಯಾಂಕ್ಸ್ ಹೇಳಿದ್ದೇನೆ, ಗಾಳಿಯಲ್ಲಿ ಬೋರ್ಡ್ ಹೊರಿಸಿದ್ದಕ್ಕೆ ಒಮ್ಮೆಯೂ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ ಅಮ್ಮಾ, ಮನಸ್ಸು ತುಂಬಿ.

ನಿನ್ನ ಬೋರ್ಡಿನ ಇನ್ನೊಂದು ತುದಿ ಹಿಡಿದವಳು,
ಮಗಳು

ತಾ.ಕ.: ಇದು ಮರೆತು ಬಿಟ್ಟಿದ್ದಲ್ಲ, ಧೈರ್ಯ ಬಂದದ್ದು ಈಗ. ಕಳೆದ ವರ್ಷ ನೀನು ಗೇಟಿಗೆ ಬಂದ ದಿನ ಪಾಸ್ ನನ್ನ ಜೇಬಿನಲ್ಲೇ ಇತ್ತು. ನಿನ್ನ ಉಗುರಿನ ಸಂದಿಯಲ್ಲಿ ಬೋರ್ಡಿನ ನೀಲಿ ಬಣ್ಣ ಕಂಡೆ. ಒಳಗೆ ಎಲ್ಲರಿಗೂ ನೀನು ಡ್ರಾಯಿಂಗ್ ಟೀಚರ್ ಅಂತ ಹೇಳಿಟ್ಟಿದ್ದೆ. ಒಣಗಿಹೋದ ತಪ್ಪು, ಕೆರೆದೇ ತೆಗೆಯಬೇಕು. ನಿನ್ನೆ ಮೇಷ್ಟ್ರು ಈ ಉಪಾಯ ಎಲ್ಲಿ ಕಲಿತೆ ಅಂತ ಕೇಳಿದಾಗ, ನಮ್ಮಮ್ಮ ಅಂಗಡಿ ಬೋರ್ಡ್ ಬರೀತಾರೆ ಸಾರ್, ಅವರ ಹತ್ರ ಅಂದೆ, ಎಲ್ಲರಿಗೂ ಕೇಳಿಸುವ ಹಾಗೆ. ಹೊಸ ಪಾಸ್ ಈ ಕಾಗದದ ಜೊತೆಗಿದೆ. ಉಗುರಿನ ಬಣ್ಣ ತೊಳೆಯದೆ ಬಾ.